ಅಪ್ಪ ಟೈಪ್ ಮಾಡದ ಅಗ್ರಿಮೆಂಟ್

ಬೇರೆ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ನಾನೂ ನನ್ನ ತಂಗಿಯೂ ಒಂದು ವಿಳಾಸವನ್ನು ಬಾಯಿಪಾಠ ಮಾಡಿದ್ದೆವು. ವಿಜಯಪುರದ ಕಡೆಯ ಒಂದು ಸಣ್ಣ ಊರಿನ ವಿಳಾಸ. ಮನೆ ನಂಬರು, ಓಣಿ, ಅಂಚೆ, ತಾಲೂಕು, ಜಿಲ್ಲೆ, ಪಿನ್ ಕೋಡು. ಆ ಮನೆಯಲ್ಲಿ ನಾನು ಹುಟ್ಟಿದವಳಲ್ಲ, ಬೆಳೆದವಳೂ ಅಲ್ಲ. ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆಗೆ ಹೋಗಿ, ಎಂಟು ದಿನ ಇದ್ದು, ಹೊಟ್ಟೆ ಕೆಡಿಸಿಕೊಂಡು ವಾಪಸ್ ಬರುತ್ತಿದ್ದವಳು. ಆದರೆ ಶಾಲೆಯದಿರಲಿ, ಬ್ಯಾಂಕಿನದಿರಲಿ, ಯಾವ ಫಾರಂ ಬಂದರೂ ‘ಖಾಯಂ ವಿಳಾಸ’ ಎಂಬ ಕಾಲಂನಲ್ಲಿ ಅದನ್ನೇ ಬರೆಯಬೇಕು ಎಂದು ಅಪ್ಪನ ಕಟ್ಟಪ್ಪಣೆ. ಕೈ ತಾನಾಗಿ ಬರೆಯುತ್ತಿತ್ತು.

ಫಾರಂ ವಿಷಯದಲ್ಲಿ ಅಪ್ಪನಿಗೆ ಎದುರಾಡುವಂತಿರಲಿಲ್ಲ. ಅದು ಅವನ ಕಸುಬು. ಮುಂಬೈಯ ಫೋರ್ಟಿನಲ್ಲಿ ಕೋರ್ಟಿನ ಬಳಿ ಹಳೆಯ ಕಟ್ಟಡವೊಂದರ ಕಮಾನಿನ ಕೆಳಗೆ ಅವನದೊಂದು ಮೇಜಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿ ಕೂತು ಜನರ ಅಫಿಡವಿಟ್ಟು, ಅರ್ಜಿ, ಬಾಡಿಗೆ ಅಗ್ರಿಮೆಂಟು ಟೈಪ್ ಮಾಡುತ್ತಾನೆ. ಮೊದಲು ಟೈಪ್‌ರೈಟರ್ ಇತ್ತು. ಈಗ ಒಂದು ಹಳೆಯ ಲ್ಯಾಪ್‌ಟಾಪು, ಬಿಸಿಯಾದರೆ ಮುನಿಸಿಕೊಳ್ಳುವ ಒಂದು ಪ್ರಿಂಟರು. ಹೆಸರು, ವಯಸ್ಸು, ಉದ್ಯೋಗ, ಈಗಿನ ವಿಳಾಸ, ಖಾಯಂ ವಿಳಾಸ, ಈ ಕ್ರಮದಲ್ಲೇ ಕೇಳುತ್ತಾನೆ. ಟೈಪ್ ಆದ ಮೇಲೆ ಕಾಗದವನ್ನು ಗಿರಾಕಿಯ ಮುಂದಿಟ್ಟು, ಮರಾಠಿಯವರಾದರೆ ಮರಾಠಿಯಲ್ಲಿ, ನಮ್ಮ ಕಡೆಯವರಾದರೆ ನಮ್ಮ ಮಾತಿನಲ್ಲಿ ಒಂದೇ ಮಾತು ಹೇಳುತ್ತಾನೆ: “ಓದಿ ನೋಡ್ರಿ. ತಿದ್ದೂದಿದ್ರ ಈಗ ಹೇಳ್ರಿ.” ಹಿಂದಿನ ತಾರೀಖು ಹಾಕಿಕೊಡಿ ಎನ್ನುವವರನ್ನೂ ಇಲ್ಲದ ವಿಳಾಸ ಬರೆಯಿರಿ ಎನ್ನುವವರನ್ನೂ ಪಕ್ಕದ ಮೇಜಿಗೆ ಸಾಗಹಾಕುತ್ತಾನೆ. ಪಕ್ಕದ ಮೇಜಿನವರು ವಿರಾರಿನಲ್ಲಿ ಎರಡು ಫ್ಲ್ಯಾಟ್ ಮಾಡಿದರು. ನಾವು ಡೊಂಬಿವಲಿಯಲ್ಲಿ ಬಾಡಿಗೆಗೆ ಇದ್ದೆವು.

ಮುಂಬೈಯಲ್ಲಿ ಬಾಡಿಗೆ ಅಗ್ರಿಮೆಂಟ್ ಎಂದರೆ ಹನ್ನೊಂದು ತಿಂಗಳು. ಮುಗಿದರೆ ಮತ್ತೆ ಹನ್ನೊಂದು ತಿಂಗಳು, ಇಲ್ಲವೇ ಗಂಟುಮೂಟೆ. ನಾನು ಹುಟ್ಟಿದ ಮೇಲೆ ನಾವು ಆರು ಮನೆ ಬದಲಿಸಿದ್ದೇವೆ, ಆರೂ ಡೊಂಬಿವಲಿ ಈಸ್ಟಿನಲ್ಲೇ. ಮಾಲೀಕ ಬಿಡಿ ಎಂದರೆ ಅಪ್ಪ ತುಟಿಪಿಟಕ್ಕೆನ್ನದೆ ಬಿಡುತ್ತಿದ್ದ. “ಅಗ್ರಿಮೆಂಟನ್ಯಾಗ ಬರದದ, ಬಿಡಬೇಕು,” ಅಷ್ಟೇ ಅವನ ಮಾತು. ಹಾಗಾಗಿ ಇಲ್ಲಿಯ ಯಾವ ಮನೆಯನ್ನೂ ಖಾಯಂ ಎಂದು ಬರೆಯುವುದು ಅವನ ಪ್ರಕಾರ ಸುಳ್ಳು ಕಾಗದ ಮಾಡಿದಂತೆ. ಊರಿನ ಮನೆಯಲ್ಲಿ ಅವನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಇದ್ದಾನೆ. ಅಪ್ಪನ ಪಾಲಿನ ಒಂದು ಕೋಣೆಗೆ ಬೀಗ ಹಾಕಿದೆ. ಖಾಯಂ ಎಂದರೆ ಆ ಕೋಣೆ.

ಡೊಂಬಿವಲಿಯಲ್ಲಿ ನಾವಿದ್ದದ್ದು ಒಂದು ರೂಮು, ಒಂದು ಕಿಚನ್. ಅಪ್ಪ, ಅವ್ವ, ನಾನು, ಕಾಲೇಜಿಗೆ ಹೋಗುವ ತಂಗಿ. ಇಷ್ಟರಲ್ಲಿ ಸಾಲುವುದಿಲ್ಲ ಎಂದು ನಾನು ಗೊಣಗಿದರೆ ಅವ್ವ ಕೆಳಗಿನ ಮಹಡಿಯಲ್ಲಿದ್ದ ಎಂಟು ಜನರ ಸಂಸಾರವನ್ನು ತೋರಿಸುತ್ತಿದ್ದಳು. ನನಗೆ ಬೇಕಾಗಿದ್ದುದು ಒಂದು ಬಾಗಿಲು. ಮುಚ್ಚಿಕೊಂಡರೆ ಆಚೆಯಿಂದ ಯಾರೂ “ಏನ್ ಮಾಡಾಕತ್ತಿ?” ಎಂದು ಕೇಳದ ಬಾಗಿಲು. ಇಪ್ಪತ್ತಾರು ವರ್ಷ ನಾನು ಅತ್ತದ್ದೆಲ್ಲ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು. ನೀರು ಹಾಳು ಮಾಡ್ತಿ ಎಂದು ಅದಕ್ಕೂ ಬೈಸಿಕೊಂಡಿದ್ದೇನೆ.

ನನ್ನ ಆಫೀಸು ಪರೇಲಿನಲ್ಲಿ. ಅಲ್ಲಿ ನಾವು ಮೂವರು ಹುಡುಗಿಯರು ಒಟ್ಟಿಗೆ ಊಟ ಮಾಡುತ್ತಿದ್ದೆವು. ಒಬ್ಬಳ ಮನೆಯವರು ಉತ್ತರಪ್ರದೇಶದಿಂದ ಬಂದವರು, ಇನ್ನೊಬ್ಬಳವರು ಕೇರಳದಿಂದ. ಮೂವರೂ ಹುಟ್ಟಿದ್ದು ಇಲ್ಲೇ. ಡಬ್ಬಿ ಬಿಚ್ಚಿದ ಕೂಡಲೇ ಮಾತು ಒಂದೇ: ಮನೆ ಯಾವಾಗ ಬಿಡುವುದು? ಒಬ್ಬಳು ತಮ್ಮನಿಗೆ ಕೆಲಸ ಸಿಗಲಿ ಎನ್ನುತ್ತಿದ್ದಳು, ಇನ್ನೊಬ್ಬಳು ತಾಯಿಯ ಆಪರೇಷನ್ ಆಗಲಿ ಎನ್ನುತ್ತಿದ್ದಳು. ನಾನು ತಂಗಿಯ ಹನ್ನೆರಡನೇ ಇಯತ್ತೆ ಮುಗಿಯಲಿ ಎಂದೆ, ಮುಗಿಯಿತು. ದಸರಾ ಆಗಲಿ ಎಂದೆ, ಆಯಿತು. ಒಮ್ಮೆ ಅವ್ವನ ಹತ್ತಿರ ಸುಮ್ಮನೆ ತಮಾಷೆಗೆಂಬಂತೆ ಬಾಯಿಬಿಟ್ಟಿದ್ದೆ. “ಹೋಗು, ಯಾರ ಬ್ಯಾಡಂದಾರ? ಲಗ್ನಾ ಮಾಡ್ಕೊಂಡು ಹೋಗು,” ಎಂದಳು. ನಮ್ಮ ಜನರಲ್ಲಿ ಹುಡುಗಿ ಮನೆ ಬಿಡಲು ಇರುವುದು ಅದೊಂದೇ ಕಾರಣ, ಬೇರೆ ಕಾರಣಕ್ಕೆ ಕಾಲಂ ಇಲ್ಲ.

ಕೊನೆಗೆ ಕೇರಳದವಳು ಮಾಟುಂಗದಲ್ಲಿ ಒಂದು ಜಾಗ ಹುಡುಕಿದಳು. ವಯಸ್ಸಾದ ಹೆಂಗಸೊಬ್ಬರ ಮನೆಯ ಹಿಂಭಾಗ, ಒಳಗೆ ಮೂರು ಚಿಕ್ಕ ಚಿಕ್ಕ ಕೋಣೆ, ನಮಗೆ ಒಬ್ಬೊಬ್ಬರಿಗೆ ಒಂದೊಂದು, ಪ್ರತಿಯೊಂದಕ್ಕೂ ಬಾಗಿಲು. ಬಾಗಿಲು ನೋಡಿ ನಾನು ಹೂಂ ಎಂದುಬಿಟ್ಟೆ. ಮನೆಗೆ ಹೋಗಿ ನಿಜ ಹೇಳಬಹುದಿತ್ತು. ಅವ್ವ ಅಳುತ್ತಿದ್ದಳು, ಅಪ್ಪ ಎರಡು ದಿನ ಮಾತು ಬಿಡುತ್ತಿದ್ದ, ಬಹುಶಃ ಅಷ್ಟೇ. ಅಷ್ಟನ್ನೂ ಎದುರಿಸುವ ಧೈರ್ಯ ನನಗಿರಲಿಲ್ಲ. ಆಫೀಸಿನ ಟ್ರೇನಿಂಗು, ಮಾಟುಂಗದಲ್ಲಿ ಕಂಪನಿಯ ಲೇಡೀಸ್ ಹಾಸ್ಟೆಲು, ಆರು ತಿಂಗಳು ಎಂದು ಹೇಳಿದೆ. ಅವ್ವ ಊಟ ಹೇಗೆ ಎಂದು ಕೇಳಿದಳು. ಅಪ್ಪ ಕೇಳಿದ್ದು ಒಂದೇ: “ಕಾಗದಪತ್ರ ಏನರ ಮಾಡೂದದ ಏನು? ನಾ ಮಾಡಿಕೊಡ್ತೀನಿ.”

“ಏನೂ ಇಲ್ಲ, ಕಂಪನಿಯವರ ಮಾಡ್ತಾರ,” ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಗ್ರಿಮೆಂಟನ್ನು ಒಬ್ಬ ಏಜೆಂಟ್ ಮಾಡಿದ. ಈಗೀಗ ಎಲ್ಲ ಆನ್‌ಲೈನು; ಏಜೆಂಟರು ಹೆಬ್ಬೆಟ್ಟಿನ ಮಶೀನ್ ಹಿಡಿದು ಮನೆಬಾಗಿಲಿಗೇ ಬರುತ್ತಾರೆ. ಅವರು ಬಂದ ಮೇಲೆ ಅಪ್ಪನ ಮೇಜಿಗೆ ಬಾಡಿಗೆ ಅಗ್ರಿಮೆಂಟುಗಳು ಬರುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಅದು ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದೆ. ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್ನಿಗೆಂದು ಏಜೆಂಟ್ ಒಂದು ಫಾರಂ ಕೊಟ್ಟ. ಅಪ್ಪ ಕಲಿಸಿದ ಹಾಗೆ ದೊಡ್ಡಕ್ಷರದಲ್ಲಿ, ಗೆರೆ ದಾಟದಂತೆ ತುಂಬಿದೆ. ಖಾಯಂ ವಿಳಾಸದ ಕಾಲಂ ಬಂತು. ಮನೆ ನಂಬರು, ಓಣಿ, ಅಂಚೆ, ತಾಲೂಕು, ಜಿಲ್ಲೆ, ಪಿನ್ ಕೋಡು. ಅಪ್ಪನಿಂದ ಮುಚ್ಚಿಡಬೇಕೆಂದು ಇಷ್ಟೆಲ್ಲ ಹಿಕಮತ್ತು ಮಾಡಿದವಳು, ಅಪ್ಪನ ಅಣ್ಣನ ಮನೆಯ ವಿಳಾಸವನ್ನು ನನ್ನ ಕೈಯಾರೆ ಪೊಲೀಸರಿಗೆ ಬರೆದುಕೊಟ್ಟೆ. ಏಜೆಂಟ್ ಅಕ್ಷರ ಚೆನ್ನಾಗಿದೆ ಎಂದ. ನನಗೆ ಹೆಮ್ಮೆಯೂ ಆಯಿತು!

ಮೊದಲ ಶನಿವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತೆ. ಮಾಡಲು ಏನೂ ಇರಲಿಲ್ಲ. ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಭಾನುವಾರ ಡೊಂಬಿವಲಿಗೆ ಹೋಗುತ್ತಿದ್ದೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತಿದ್ದಳು, “ಹಾಸ್ಟೆಲ್ ಹುಡುಗ್ಯಾರಿಗೂ ಕೊಡು, ಪಾಪ, ಮನಿ ಬಿಟ್ಟು ಬಂದಿರ್ತಾವ,” ಎನ್ನುತ್ತಿದ್ದಳು. ನಾನು ಆ ರೊಟ್ಟಿ ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಇಳಿಯುತ್ತಿತ್ತು.

ಎರಡು ತಿಂಗಳಾಗಿರಬೇಕು. ಊರಿನಲ್ಲಿ ದೊಡ್ಡಪ್ಪನ ಬಾಗಿಲಿಗೆ ಒಬ್ಬ ಪೊಲೀಸಿನವ ಬಂದು ನಿಂತ. ಕೈಯಲ್ಲಿ ನನ್ನ ಹೆಸರಿನ ಕಾಗದ. ಈ ಹುಡುಗಿ ಇಲ್ಲಿಯವಳೇ, ಮುಂಬೈಯ ಮಾಟುಂಗದಲ್ಲಿ ಬಾಡಿಗೆ ರೂಮು ಹಿಡಿದಿದ್ದಾಳೆ, ಗೊತ್ತೇ ಎಂದು ಕೇಳಿದ. ಅವನು ಅವನ ಕೆಲಸ ಮಾಡುತ್ತಿದ್ದ ಅಷ್ಟೇ. ಓಣಿಯ ಜನವೆಲ್ಲ ಕಟ್ಟೆಗೆ ಬಂದು ನಿಂತರಂತೆ. ದೊಡ್ಡಪ್ಪ ಎದೆ ತಟ್ಟಿ ಹೇಳಿದನಂತೆ: “ಸಾಧ್ಯನ ಇಲ್ರಿ. ನಮ್ಮ ಹುಡುಗಿ ಅಪ್ಪ ಅವ್ವನ ಕೂಡ ಅದಾಳ. ಯಾರೋ ಆಕಿ ಹೆಸರಿನ ಮ್ಯಾಲ ರೂಮ್ ಹಿಡದಾರ್ರಿ.” ಅಷ್ಟಕ್ಕೇ ಬಿಡದೆ ಅದನ್ನೇ ಕಾಗದದ ಮೇಲೆ ಬರೆಸಿ ಸಹಿ ಹಾಕಿದ. ನನ್ನ ಮರ್ಯಾದೆ ಉಳಿಸಿದೆ ಎಂದೇ ಅವನು ತಿಳಿದಿದ್ದ. ಮರುದಿನ ಅಪ್ಪನಿಗೆ ಫೋನ್ ಮಾಡಿ, ಹುಡುಗಿಯ ಕಾಗದಪತ್ರ ಯಾರ ಕೈಗೋ ಸಿಕ್ಕಿವೆ, ಹುಷಾರಾಗಿರು ಎಂದು ಎಚ್ಚರಿಸಿದ.

ಈ ಫೋನ್ ಬಂದಾಗ ಅಪ್ಪ ಬೆಳಗಿನ ಚಹಾ ಕುಡಿಯುತ್ತಿದ್ದನಂತೆ, ಫೋರ್ಟಿಗೆ ಹೊರಡುವ ಮುಂಚೆ. ಎದುರಿಗೇ ಕೂತಿದ್ದ ತಂಗಿ ನನಗೆ ಮೆಸೇಜ್ ಕಳಿಸಿದಳು: “ಅಕ್ಕಾ, ಸಬ್ ಪತಾ ಚಲ್ ಗಯಾ.” ಎಲ್ಲ ಗೊತ್ತಾಗಿಹೋಗಿತ್ತು. ಫೋನ್ ಮಾಡಿದೆ. ಅವಳು ಹೊರಗೆ ಮೆಟ್ಟಿಲ ಹತ್ತಿರ ಬಂದು ಪಿಸುಗುಟ್ಟಿದಳು. ಮಾಟುಂಗ ಎಂದ ಕೂಡಲೇ ಅಪ್ಪನಿಗೆ ಎಲ್ಲ ತಿಳಿದುಹೋಯಿತಂತೆ. ಇಂಥ ಕಾಗದ ಸಾವಿರಾರು ಮಾಡಿದವನು, ತಿಳಿಯದೆ ಏನು? ಆದರೆ ಅಣ್ಣನಿಗೆ, “ಹೌದ ಹೌದು, ಯಾರೋ ಮಾಡಿರಬೇಕು. ನಾ ನೋಡ್ತೀನಿ,” ಎಂದು ಹೇಳಿ ಫೋನ್ ಇಟ್ಟನಂತೆ. “ಪಪ್ಪಾ ನೇ ಝೂಟ್ ಬೋಲಾ, ಅಕ್ಕಾ,” ಎಂದಳು ತಂಗಿ. ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ನಂಬಲಾಗದೆ ಹೇಳಿದಳು. ನನಗೂ ನಂಬಲಾಗಲಿಲ್ಲ. ನನ್ನ ಸುಳ್ಳನ್ನು ಕಾಯಲು ಅವನು ಸುಳ್ಳು ಹೇಳಿದ್ದ, ಅದೂ ಅಣ್ಣನಿಗೆ.

ಮಧ್ಯಾಹ್ನ ಆಫೀಸಿಗೆ ರಜೆ ಹಾಕಿ ಫೋರ್ಟಿಗೆ ಹೋದೆ. ದಾರಿಯುದ್ದಕ್ಕೂ ಉತ್ತರ ತಯಾರು ಮಾಡಿಕೊಂಡೆ. ನನಗೆ ಇಪ್ಪತ್ತಾರು, ನಾನು ದುಡಿಯುತ್ತೇನೆ, ನೀನೂ ಹತ್ತೊಂಬತ್ತಕ್ಕೆ ಊರು ಬಿಟ್ಟವನೇ ಅಲ್ಲವೇ, ಹೀಗೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಅಪ್ಪ ಯಾರದೋ ಅಫಿಡವಿಟ್ ಟೈಪ್ ಮಾಡುತ್ತಿದ್ದ. ನನ್ನನ್ನು ನೋಡಿ ಸ್ಟೂಲಿನ ಕಡೆ ಕಣ್ಣಲ್ಲೇ ಸನ್ನೆ ಮಾಡಿದ. ಗಿರಾಕಿ ಹೋಗುವವರೆಗೆ ಕೂತಿದ್ದೆ. ಅವನು ಮನೆ ಯಾಕೆ ಬಿಟ್ಟೆ ಎಂದು ಕೇಳುತ್ತಾನೆ ಎಂದುಕೊಂಡಿದ್ದೆ. ಕೇಳಲಿಲ್ಲ.

“ಅಗ್ರಿಮೆಂಟ್ ಯಾರ ಹಂತ್ಯಾಕ ಮಾಡಿಸಿದಿ?” ಎಂದ.

“ಏಜೆಂಟ್ ಮಾಡಿದ.”

“ತೋರ್ಸು.”

ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರಾ ಓದಿದ, ಒಂದು ಅಕ್ಷರ ಬಿಡದೆ. “ರೂಮ್ ಬಿಡಬೇಕಂದ್ರ ಎಷ್ಟು ದಿನದ ನೋಟಿಸ್ ಅಂತ ಇದರಾಗ ಬರದಿಲ್ಲ. ಮನಿಯಾಕಿ ನಾಳೆನ ಬಿಡು ಅಂದ್ರ ನೀ ಎಲ್ಲಿ ಹೋಗ್ತಿ?” ಎಂದ. ಅವನು ಫೋನನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡುತ್ತ, “ನನ್ನ ಹಂತ್ಯಾಕ ಬಂದಿದ್ರ ಛಲೋತ್ನಂಗ ಮಾಡಿಕೊಡ್ತಿದ್ನೆಲ್ಲ,” ಎಂದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ನನಗೆ ಅಳು ಬಂತು. ರಸ್ತೆಯ ಮಗ್ಗುಲಲ್ಲಿ, ವಕೀಲರು ಗುಮಾಸ್ತರು ಓಡಾಡುವ ಕಡೆ, ನಲ್ಲಿಯ ಸದ್ದಿನ ಮರೆಯಿಲ್ಲದೆ ಅತ್ತೆ.

ಅವ್ವ ಮಾತ್ರ ಬಿಡಲಿಲ್ಲ. ಆ ಭಾನುವಾರ ಬಾಯಿಗೆ ಬಂದದ್ದೆಲ್ಲ ಅಂದಳು. ಹಾಸ್ಟೆಲ್ ಹುಡುಗಿಯರಿಗೆಂದು ತಾನು ರೊಟ್ಟಿ ಬಡಿದದ್ದನ್ನು ಎತ್ತಿ ಎತ್ತಿ ಹೇಳಿದಳು. “ನಾ ಎಂಥಾ ಹುಚ್ಚಿ ಅಂತ ಒಳಗೊಳಗ ನಕ್ಕಿರಬೇಕಲ್ಲ ನೀ?” ಎಂದಳು. ನಾನು ನಕ್ಕಿರಲಿಲ್ಲ. ಹಾಗೆಂದು ಹೇಳಿದರೂ ಅವಳು ನಂಬಲಿಲ್ಲ, ನಂಬಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ. ಮೂರು ವಾರ ರೊಟ್ಟಿ ಕಟ್ಟಲಿಲ್ಲ. ನಾಲ್ಕನೇ ವಾರ ಕಟ್ಟಿದಳು, ಕೈಗೆ ಕೊಡದೆ ಬಾಗಿಲ ಬಳಿ ಇಟ್ಟಳು.

ದೊಡ್ಡಪ್ಪನ ಹೇಳಿಕೆಯಿಂದ ಇನ್ನೊಂದು ಪೇಚು ಬಂದಿತ್ತು. ರೂಮು ಹಿಡಿದವಳು ಆ ಹುಡುಗಿಯೇ ಅಲ್ಲ ಎಂದು ಊರಿನಿಂದ ಉತ್ತರ ಬಂದಾಗ ಮಾಟುಂಗದ ಮನೆಯೊಡತಿ ಗಾಬರಿಯಾದರು. ವಿಳಾಸ ಸರಿಮಾಡಿ ಅಫಿಡವಿಟ್ ಕೊಡು, ಇಲ್ಲದಿದ್ದರೆ ರೂಮು ಬಿಡು ಎಂದರು. ಅಪ್ಪನಿಗೆ ಹೇಳಲು ಎರಡು ದಿನ ಹಿಂದೆಮುಂದೆ ನೋಡಿದೆ. ಮನೆಗೆ ಹಿಂತಿರುಗಿ ಬಾ ಎನ್ನಲು ಅವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅವನು, “ನಾಳೆ ಬಾ,” ಎಂದ.

ಮರುದಿನ ಗಿರಾಕಿಯ ಸ್ಟೂಲಿನಲ್ಲಿ ಕೂತೆ. ಹೆಸರು, ವಯಸ್ಸು, ಉದ್ಯೋಗ ಕೇಳದೆಯೇ ಹೊಡೆದ. ಈಗಿನ ವಿಳಾಸ: ಮಾಟುಂಗ. ಖಾಯಂ ವಿಳಾಸಕ್ಕೆ ಬಂದಾಗ ಬೆರಳು ನಿಂತವು. ಆಮೇಲೆ ಡೊಂಬಿವಲಿಯ ಬಿಲ್ಡಿಂಗಿನ ಹೆಸರು, ಮೂರನೇ ಮಹಡಿ, ರೂಮ್ ನಂಬರು ಹೊಡೆದ. ಹನ್ನೊಂದು ತಿಂಗಳ ಬಾಡಿಗೆ ಮನೆ. ಮೂವತ್ತು ವರ್ಷದಲ್ಲಿ ಅವನು ಯಾರಿಗೂ ಮಾಡಿಕೊಡದಿದ್ದ ಕಾಗದ ಅದು.

“ಅದು ಖಾಯಂ ಅಲ್ಲಲ್ಲ ಅಪ್ಪಾ,” ಎಂದೆ.

“ಊರಿಗೆ ನಿನ್ನ ಹುಡಕ್ಕೊಂಡು ಯಾರೂ ಹೋಗೂದು ಬ್ಯಾಡ. ಕೇಳೂದಿದ್ರ ನನ್ನ ಬಂದು ಕೇಳಲಿ,” ಎಂದ. ಪ್ರಿಂಟ್ ತೆಗೆದು ಮುಂದಿಟ್ಟ. “ಓದಿ ನೋಡು. ತಿದ್ದೂದಿದ್ರ ಈಗ ಹೇಳು.” ಸಹಿ ಮಾಡಿ, ಅಲ್ಲಿಂದ ಎದ್ದು ಸ್ಟೇಷನ್ನಿಗೆ ಹೋದೆ.

ಆಮೇಲಿನ ತಿಂಗಳುಗಳು ಮೇಲ್ನೋಟಕ್ಕೆ ಸಲೀಸಾಗಿ ಹೋದವು. ಭಾನುವಾರ ಹೋಗುತ್ತಿದ್ದೆ, ಕೆಲವು ಭಾನುವಾರ ನೆಪ ಹೇಳಿ ಹೋಗುತ್ತಿರಲಿಲ್ಲ. ನಾನು ಮನೆ ಬಿಟ್ಟದ್ದು ತಪ್ಪು ಎಂದು ಅನಿಸುತ್ತಿರಲಿಲ್ಲ, ಬಿಟ್ಟ ರೀತಿ ತಪ್ಪು ಎಂದು ದಿನಾ ಅನಿಸುತ್ತಿತ್ತು. ಹನ್ನೊಂದು ತಿಂಗಳು ಮುಗಿಯಲು ಒಂದು ತಿಂಗಳಿರುವಾಗ ಮಾಟುಂಗದ ಮನೆಯೊಡತಿ, ಮುಂದುವರಿಸುತ್ತೀಯಾ ಎಂದು ಕೇಳಿದರು. ಯೋಚಿಸುತ್ತೇನೆ ಎನ್ನಬೇಕಿತ್ತು. ತಡಮಾಡದೆ ಹೂಂ ಎಂದೆ.

ಆ ಭಾನುವಾರ ಡೊಂಬಿವಲಿಗೆ ಹೋದಾಗ ಅಪ್ಪ ತರಕಾರಿಗೆ ಹೋಗಿದ್ದ. ಅವ್ವ ಶೇಂಗಾ ಹುರಿಯುತ್ತ, “ನಿನಗ ಹೇಳಬ್ಯಾಡ ಅಂದಾರ, ಆದ್ರ ಹೇಳ್ತೀನಿ,” ಎಂದು ಶುರು ಮಾಡಿದಳು. ಯುಗಾದಿಯ ಸುಮಾರಿಗೇ ಮನೆ ಮಾಲೀಕರು ಬಂದು ಮಗನ ಮದುವೆಯಾಗಿದೆ, ಮನೆ ಬೇಕು ಎಂದಿದ್ದರಂತೆ. ನಾನು ಬಲ್ಲ ಅಪ್ಪನಾಗಿದ್ದರೆ ಮರುದಿನವೇ ಖಾಲಿ ರಟ್ಟಿನ ಡಬ್ಬಿ ಹುಡುಕಲು ಹೋಗುತ್ತಿದ್ದ.

“ನಿಮ್ಮಪ್ಪ ಕೈ ಮುಗದ್ರು ನೋಡವಾ,” ಎಂದಳು ಅವ್ವ. “‘ಮಗಳ ಕಾಗದದಾಗ ಈ ಮನಿ ಬರದದರಿ. ಆಕಿ ಹನ್ನೊಂದ ತಿಂಗಳ ಮುಗಸ್ಕೊಂಡು ಇಲ್ಲಿಗೆ ಬರೂತನಕ ಬಿಡಿಸಬ್ಯಾಡ್ರಿ’ ಅಂದ್ರು. ಮಾಲಕರು ಅಲ್ಲೀತನಕ ಇರ್ರಿ ಅಂದಾರ. ಇವರು ಯಾರ ಮುಂದೂ ಕೈ ಮುಗದಿದ್ದು ನಾ ನೋಡಿಲ್ಲ.”

ಶೇಂಗಾ ಸೀಯುವ ವಾಸನೆ ಬಂತು. ಅವ್ವ ಗ್ಯಾಸ್ ಆರಿಸಿದಳು. ನಾನು ಹಿಂತಿರುಗಿ ಬರುತ್ತೇನೆ ಎಂದು ಅಪ್ಪ ನಂಬಿದ್ದ. ಅಷ್ಟು ಅಗ್ರಿಮೆಂಟುಗಳನ್ನು ಟೈಪ್ ಮಾಡಿದವನು, ಹನ್ನೊಂದು ತಿಂಗಳು ಎಂದರೆ ಹನ್ನೊಂದಕ್ಕೆ ಮುಗಿಯುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ನನ್ನ ವಿಷಯದಲ್ಲಿ ಮಾತ್ರ ಬರೆದದ್ದನ್ನು ಬರೆದ ಹಾಗೆ ನಂಬಿದ್ದ. ಒಂದು ಕ್ಷಣ ಎದ್ದು ಹೋಗಿಬಿಡೋಣ, ಮುಂದಿನ ವಾರ ಫೋನಿನಲ್ಲಿ ಹೇಳೋಣ ಎನಿಸಿತು. ನನ್ನ ಹಳೆಯ ಚಾಳಿ. ಹೋಗಲಿಲ್ಲ, ಕೂತೇ ಇದ್ದೆ.

ಅಪ್ಪ ಬಂದು ಚೀಲ ಇಳಿಸಿದ. ಅವನು ಕೈ ತೊಳೆಯುವ ಮೊದಲೇ ಹೇಳಿದೆ: “ಅಪ್ಪಾ, ನಾ ಅಲ್ಲೇ ಮುಂದುವರಸ್ತೀನಿ. ಅವರಿಗೆ ಹೂಂ ಅಂದೀನಿ. ನಿನಗ ಮೊದಲ ಹೇಳಬೇಕಿತ್ತು. ಅಗ್ರಿಮೆಂಟ್ ನೀನ ಮಾಡಿಕೊಡು.”

ಅಪ್ಪ ಅವ್ವನ ಮುಖ ನೋಡಿದ. ಅವಳು ನನಗೆ ಹೇಳಿದ್ದಾಳೆ ಎಂದು ಅವನಿಗೆ ತಿಳಿಯಿತು. ಕೈ ತೊಳೆದು, ಟವೆಲಿಗೆ ಒಂದೊಂದೇ ಬೆರಳು ಒರೆಸಿಕೊಂಡು, ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲೆ ಕೂತ. ನೋಟಿಸಿನ ಕಲಮನ್ನು ಮೊದಲು ಸೇರಿಸಿದ, ಎರಡು ತಿಂಗಳೆಂದು. ಆಮೇಲೆ ಮೇಲಕ್ಕೆ ಹೋದ.

“ಖಾಯಂ ವಿಳಾಸ?” ಎಂದು ಕೇಳಿದ, ಎಲ್ಲ ಗಿರಾಕಿಗಳಿಗೆ ಕೇಳುವ ಹಾಗೆ.

“ಇದ ಬರಿ.”

“ಇದು ಇನ್ನ ಬರೇ ಒಂದ ತಿಂಗಳು.”

“ಗೊತ್ತದ. ಇದ ಬರಿ.”

ಬರೆದ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಓದಿ ನೋಡು. ತಿದ್ದೂದಿದ್ರ ಈಗ ಹೇಳು,” ಎಂದ. ಎರಡು ಸಲ ಓದಿದೆ. ತಿದ್ದುವುದು ಏನೂ ಇಲ್ಲ ಎಂದೆ.

ಮುಂದಿನ ತಿಂಗಳ ಕೊನೆಗೆ ಅವರು ಆ ಮನೆ ಬಿಟ್ಟರು. ನಾನೂ ರಜೆ ಹಾಕಿ ಹೋಗಿ ಡಬ್ಬಿಗಳನ್ನು ಹೊತ್ತೆ. ಹೊಸ ಮನೆ ಎರಡು ಗಲ್ಲಿ ಆಚೆ, ಹಳೆಯದಕ್ಕಿಂತ ಚಿಕ್ಕದು. ಇನ್ನು ಮೂವರೇ ಅಲ್ಲವೇ ಎಂದು ಅಪ್ಪ ಅದನ್ನೇ ಹಿಡಿದಿದ್ದ. ದೊಡ್ಡಪ್ಪನಿಗೆ ಇಂದಿಗೂ ನಿಜ ಗೊತ್ತಿಲ್ಲ. ಮದುವೆಮನೆಗಳಲ್ಲಿ ಸಿಕ್ಕಾಗ, ಕಾಗದಪತ್ರ ಜೋಪಾನವಾಗಿಡು ಮಗಳೇ ಎನ್ನುತ್ತಾನೆ. ಜೋಪಾನವಾಗಿಯೇ ಇಟ್ಟಿದ್ದೇನೆ. ಅವುಗಳಲ್ಲಿ ನನ್ನ ಖಾಯಂ ವಿಳಾಸ ಈಗಲೂ ಆ ಮೂರನೇ ಮಹಡಿಯ ಮನೆಯೇ. ಅಲ್ಲಿ ಈಗ ಹೊಸದಾಗಿ ಮದುವೆಯಾದ ಇಬ್ಬರು ಇದ್ದಾರೆ. ಯಾರಾದರೂ ಹುಡುಕಿಕೊಂಡು ಹೋದರೆ, ಇಂಥವಳು ಇಲ್ಲಿ ಇಲ್ಲ ಎಂದು ಅವರು ನಿಜವನ್ನೇ ಹೇಳುತ್ತಾರೆ.